ಬಸ್ಸು ತೊಳೆಯುವವಳ ಮಕ್ಕಳು

ಲಾಂಡ್ರಿಯ ಹಿಂದಿನ ಬೀದಿ,
ಮಾರ್ಚ್ ಹನ್ನೊಂದು, ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯ? ಹಡಗಿನ ಎಂಜಿನ್ ಕೋಣೆಯ ಹೊಗೆಗೆ ಹತ್ತಿಕೊಂಡಿದ್ದ ಕೆಮ್ಮು ಹೋಯಿತೋ, ಇಲ್ಲ "ಏನಿಲ್ಲಮ್ಮಾ, ಏನಿಲ್ಲ" ಎನ್ನುತ್ತಾ ಅದನ್ನೇ ಸಾಕಿಕೊಂಡು ಕೂತಿದ್ದೀಯೋ? ಬೆವರಿದ ಬನಿಯನ್ನಿನಲ್ಲೇ ಮೇಲೆ ಬಂದು ಗಾಳಿಗೆ ನಿಲ್ಲಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನನ್ನ ಮಂಡಿ ನೋವು ಹಾಗೇ ಇದೆ, ಅದಕ್ಕೆ ಬೇರೆ ಮನೆ ಸಿಕ್ಕಿಲ್ಲ. ಮಕ್ಕಳು ಚೆನ್ನಾಗಿವೆ. ನಿನ್ನ ಹೆಂಡತಿಯೂ ಚೆನ್ನಾಗಿದ್ದಾಳೆ. ಈ ಕಾಗದ ಬರೆಯುತ್ತಿರುವುದೇ ಅವಳ ವಿಷಯಕ್ಕೆ. ಕೂತು ಓದು.

ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನಿನಗೆ ಅರ್ಧ ಕೇಳಿಸುತ್ತದೆ, ಉಳಿದರ್ಧ ನೀನೇ ಕಟ್ಟಿಕೊಳ್ಳುತ್ತೀಯ. ಹೋದ ಸಲ ಹಾಗೇ ಆಯಿತು. "ಮಕ್ಕಳ ಇಲಾಖೆಯವರು ಮನೆಗೆ ಬಂದಿದ್ರು" ಎಂದು ಅವಳು ಬಾಯಿ ತೆಗೆಯುವುದೇ ತಡ, "ಬಸ್ ತೊಳೆಯೋ ಕೆಲ್ಸ ಬಿಟ್ಟು ಮಕ್ಕಳನ್ನ ಕಟ್ಕೊಂಡು ನಿನ್ನ ತವರಿಗೆ ಹೋಗು" ಎಂದು ಕೂಗಿ ಇಟ್ಟುಬಿಟ್ಟೆ. ಪಕ್ಕದ ಕೋಣೆಯಲ್ಲಿದ್ದ ನನಗೂ ಕೇಳಿಸಿತು. ಸಮುದ್ರದ ಆಚೆಯಿಂದ ಅಷ್ಟು ಜೋರಾಗಿ ಕೇಳಿಸಬೇಕಾದರೆ ನೀನು ನನ್ನ ಮಗನೇ ಸರಿ, ಅದರಲ್ಲಿ ಅನುಮಾನವಿಲ್ಲ. ಆದರೆ ನಡೆದದ್ದು ನಿನಗೆ ಗೊತ್ತಿಲ್ಲ. ಈಗ ಪೂರ್ತಿ ಹೇಳುತ್ತೇನೆ. ಆಮೇಲೂ ಕೂಗಬೇಕು ಅನ್ನಿಸಿದರೆ ಹಡಗಿನ ತುದಿಗೆ ಹೋಗಿ ನೀರಿಗೆ ಕೂಗು.

ನೀನು ಹಡಗು ಹತ್ತಿದ ಮೇಲೆ ಅವಳು ಬಸ್ ಡಿಪೋ ಸೇರಿದಳಲ್ಲ, ಅಲ್ಲಿ ಕೆಲಸ ಯಾವ ಹೊತ್ತಿಗೆ ಎಂದು ನೀನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮೊದಲ ಬಸ್ಸು ಬೀದಿಗೆ ಇಳಿಯುವ ಮುಂಚೆ ಎಲ್ಲವನ್ನೂ ತೊಳೆದು ನಿಲ್ಲಿಸಿರಬೇಕು. ಹಾಗಾಗಿ ನಸುಕಿಗೇ ಹೊರಡುತ್ತಿದ್ದಳು. ಬೆಳಕು ಹರಿದ ಮೇಲೆ ದೊಡ್ಡವಳು ತಾನಾಗಿ ಎದ್ದು, ತಮ್ಮನನ್ನು ಎಬ್ಬಿಸಿ, ಮುಖ ತೊಳೆಸಿ, ಅಂಗಿ ಹಾಕಿ, ಬಾಗಿಲಿಗೆ ಬೀಗ ಹಾಕಿಕೊಂಡು ಅವನನ್ನೂ ತನ್ನ ಶಾಲೆಗೆ ಎಳೆದುಕೊಂಡು ಹೋಗುತ್ತಿದ್ದಳು. ಶಿಶುವಿಹಾರದವರು ಬಾಗಿಲು ತೆಗೆಯುವುದು ಶಾಲೆಯ ಗಂಟೆ ಹೊಡೆದು ಎಷ್ಟೋ ಹೊತ್ತಾದ ಮೇಲೆ. ಅಲ್ಲಿಯವರೆಗೆ ಇವನು ಅಕ್ಕನ ಬೆಂಚಿನ ಕೆಳಗೆ ಕೂತು ಬಳಪ ತಿನ್ನುವುದು. ಟೀಚರಮ್ಮ ಕಂಡೂ ಕಾಣದ ಹಾಗೆ ಇದ್ದರು. ಒಂದು ದಿನ ಲೆಕ್ಕದ ಪಾಠದಲ್ಲಿ ದೊಡ್ಡವಳು ಬೆಂಚಿಗೆ ತಲೆಯಿಟ್ಟು ನಿದ್ದೆಹೋದಳು. ಚಿಕ್ಕವನು ಕೆಳಗಿನಿಂದ ಎದ್ದು ನಿಂತು, "ಗಲಾಟೆ ಮಾಡ್ಬೇಡಿ, ನಮ್ಮಕ್ಕ ಮಲಗಿದ್ದಾಳೆ" ಎಂದು ಇಡೀ ತರಗತಿಯನ್ನು, ಟೀಚರಮ್ಮನನ್ನೂ ಸೇರಿಸಿ ಗದರಿದನಂತೆ. ನಮ್ಮ ರಕ್ತ, ಸುಮ್ಮನಿರುತ್ತದೆಯೇ. ಅವತ್ತು ಟೀಚರಮ್ಮ ಇಲಾಖೆಗೆ ತಿಳಿಸಿದರು.

ಅಜ್ಜಿ ಎಲ್ಲಿದ್ದಳು ಎಂದು ಕೇಳುತ್ತೀಯ. ಅಜ್ಜಿ ತಾನು ಕೆಲಸ ಮಾಡುವ ಲಾಂಡ್ರಿಯ ಹಿಂದಿನ ಕೋಣೆಯಲ್ಲಿದ್ದಳು. ನೀನು ಹೋದ ಮೇಲೆ ಉಪ್ಪಿನ ಡಬ್ಬಿ ಎಲ್ಲಿ ಇಡಬೇಕು ಎಂಬ ವಿಷಯಕ್ಕೆ ನನಗೂ ಅವಳಿಗೂ ಮಾತು ಬೆಳೆದು ನಾನು ಟ್ರಂಕು ಎತ್ತಿಕೊಂಡು ಬಂದಿದ್ದೆ. ಯಾರದು ಸರಿ ಎಂದು ಬಿಡಿಸಲು ಈ ಕಾಗದ ಸಾಲದು. ಅವಳು ತನ್ನ ಕಷ್ಟವನ್ನು ನನಗೆ ಹೇಳಲಿಲ್ಲ, ತವರಿಗೆ ಹೇಳಲಿಲ್ಲ, ನಿನಗಂತೂ ಹೇಳಲೇ ಇಲ್ಲ. ಇಲಾಖೆಯ ಹುಡುಗಿ ಬಂದು ಬಾಗಿಲಲ್ಲಿ ನಿಂತಾಗ ಮಾತ್ರ ಮೇಲಿನ ಮನೆಯ ಟೈಲರನನ್ನು ಓಡಿಸಿದಳು, "ನಮ್ಮತ್ತೇನ ಕರ್ಕೊಂಡು ಬನ್ನಿ" ಎಂದು. ಕೈಯಲ್ಲಿ ಅರ್ಧ ಮಡಿಸಿದ್ದ ಚಾದರವನ್ನು ಅಲ್ಲೇ ಬಿಟ್ಟು ಓಡಿದೆ.

ಆ ಹುಡುಗಿ ಕೆಟ್ಟವಳಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದಳು, ಮಕ್ಕಳ ಜೊತೆ ನೆಲದ ಮೇಲೆ ಕೂತಳು, ಅಡುಗೆಮನೆಗೆ ಇಣುಕುವ ಮುಂಚೆ ಕೇಳಿದಳು. ಎಲ್ಲ ಸರಿಯಾಗಿತ್ತು. ಹೊರಡುವಾಗ ನನ್ನ ಕೈ ಹಿಡಿದು, "ಹೆದರ್ಕೋಬೇಡಿ ಅಜ್ಜಿ, ಸದ್ಯಕ್ಕೆ ಮಕ್ಕಳನ್ನ ನಮ್ಮ ನಿಗಾದಲ್ಲಿ ಇಡ್ತೀವಿ. ಗುರುವಾರ ನಮ್ಮ ಸಾಹೇಬರೂ ಬರ್ತಾರೆ" ಎಂದಳು. ನಾನು ಓದಿದ್ದು ಎಷ್ಟು ಎಂದು ನಿನಗೆ ಗೊತ್ತು. "ನಿಗಾ" ಎಂಬ ಮಾತನ್ನು ನಾನು ಜೀವಮಾನದಲ್ಲಿ ನೋಡಿದ್ದು ಒಂದೇ ಕಡೆ, ಆಸ್ಪತ್ರೆಯ ಗಾಜಿನ ಬಾಗಿಲಿನ ಮೇಲೆ: ತೀವ್ರ ನಿಗಾ ಘಟಕ. ಆ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತು ಅದನ್ನು ಓದಿ ಓದಿ ನನಗೆ ಬಾಯಿಪಾಠವಾಗಿತ್ತು. ಒಳಗೆ ಹೋದ ನಿಮ್ಮಪ್ಪ ನಡೆದುಕೊಂಡು ಹೊರಗೆ ಬರಲಿಲ್ಲ. ಮಕ್ಕಳನ್ನು ಅಂಥ ಕಡೆ ಇಡುತ್ತೇನೆ ಎಂದು ನಗುನಗುತ್ತಾ ಹೇಳಿದರೆ ನಾನೇನು ಮಾಡಬೇಕಿತ್ತು, ಹೂಮಾಲೆ ಹಾಕಬೇಕಿತ್ತೇ?

ಗುರುವಾರ ನಿನ್ನ ಹೆಂಡತಿ ಹಾಲು ತರಲು ಅಂಗಡಿಗೆ ಹೋದ ಹೊತ್ತು ನೋಡಿ ಇಬ್ಬರನ್ನೂ ಕರೆದುಕೊಂಡು ಲಾಂಡ್ರಿಗೆ ಬಂದೆ. ಒಗೆದ ಚಾದರ ಸಾಗಿಸುವ ದೊಡ್ಡ ತಳ್ಳುಗಾಡಿ ಇದೆಯಲ್ಲ, ಅದರಲ್ಲಿ ಕೂರಿಸಿ ಮೇಲೆ ಚಾದರ ಹೊದಿಸಿದೆ. ಕಣ್ಣಾಮುಚ್ಚಾಲೆ ಎಂದು ಹೇಳಿದ್ದೆ. ಅತ್ತ ಸಾಹೇಬರೂ ಹುಡುಗಿಯೂ ಮನೆಗೆ ಬಂದರೆ ಮಕ್ಕಳಿಲ್ಲ. ನಿನ್ನ ಹೆಂಡತಿ ಹಾಲಿನ ಪಾತ್ರೆ ಹಿಡಿದೇ ಬೀದಿಯ ಈ ತುದಿಯಿಂದ ಆ ತುದಿಗೆ ಮಕ್ಕಳ ಹೆಸರು ಕೂಗುತ್ತಾ ಓಡಿದ್ದಾಳೆ. ಕೊನೆಗೆ ಟೈಲರು, ಅವನ ಕಣ್ಣು ಸೂಜಿಯ ಮೇಲಿರುವುದಕ್ಕಿಂತ ಬೀದಿಯ ಮೇಲಿರುವುದೇ ಹೆಚ್ಚು, "ಲಾಂಡ್ರಿ ಕಡೆ ಹೋದ್ರು" ಎಂದನಂತೆ. ಎಲ್ಲರೂ ಬಂದು ನನ್ನ ಮುಂದೆ ನಿಂತರು. ನಾನು ಇನ್ನೊಂದು ಚಾದರ ಮಡಿಸುತ್ತಾ ನಿಂತೆ. ಚಿಕ್ಕವನು ಚಾದರದ ಒಳಗಿಂದ, "ಅಜ್ಜೀ, ಈಗ ಕೂ ಅನ್ಲಾ?" ಎಂದ.

ಸಾಹೇಬರು ಕೆಂಪಗಾದರು. "ನೋಡಿದ್ರಾ, ಈ ಮನೇಲಿ ಮಕ್ಕಳನ್ನ ಬಚ್ಚಿಡ್ತಾರೆ. ಇನ್ನು ಮಾತಿಲ್ಲ, ಇವತ್ತೇ ನಮ್ಮ ಮಕ್ಕಳ ನಿಲಯಕ್ಕೆ ಕಳಿಸಿ" ಎಂದರು. ನಿನ್ನ ಹೆಂಡತಿ ತಳ್ಳುಗಾಡಿಯ ಹಿಡಿಯನ್ನು ಎರಡು ಕೈಯಲ್ಲಿ ಹಿಡಿದು ನಿಂತುಬಿಟ್ಟಳು. ಅಲ್ಲಿಂದ ಅವಳನ್ನು ಬಿಡಿಸಲು ಯಂತ್ರವೇ ಬೇಕಾಗುತ್ತಿತ್ತು. ಆ ಹುಡುಗಿ ಮಾತ್ರ ನನ್ನ ಹತ್ತಿರ ಬಂದು, "ಯಾಕಜ್ಜಿ ಬಚ್ಚಿಟ್ರಿ?" ಎಂದು ಕೇಳಿದಳು. "ನಿಗಾದಲ್ಲಿ ಇಡ್ತೀನಿ ಅಂದೋಳು ನೀನೇ ತಾನೇ. ನನ್ನ ಗಂಡನ್ನೂ ಅಲ್ಲೇ ಇಟ್ಟಿದ್ರು. ವಾಪಸ್ ಹೆಣ ಕೊಟ್ರು" ಎಂದೆ. ಅವಳು ಸಾಹೇಬರ ಕಡೆ ತಿರುಗಿ, "ಸಾರ್, ಇದು ನನ್ನ ಮಾತಿನ ತಪ್ಪು. ಮನೆಕೂಟ ಆಗದೆ ಮಕ್ಕಳನ್ನ ಕರ್ಕೊಂಡು ಹೋಗೋ ಹಾಗಿಲ್ಲ, ಹೊಸ ಪದ್ಧತಿ ಹಾಗೇ ಇದೆ" ಎಂದಳು. ತನ್ನ ಮೇಲಿನವರ ಮುಂದೆ ಹಾಗೆ ನಿಂತು ಮಾತಾಡಿದ್ದನ್ನು ನಾನು ಮೆಚ್ಚಿದೆ. ಸಾಹೇಬರು ಗೊಣಗಿ, ಸೋಮವಾರಕ್ಕೆ ಒಪ್ಪಿದರು. ಸೋಮವಾರದ ಮಾತು ಸರಿಬರದಿದ್ದರೆ ಮಕ್ಕಳು ನಿಲಯಕ್ಕೆ, ಅದನ್ನೂ ಹೇಳಿಯೇ ಹೋದರು. ಅವತ್ತೇ ನಾನು ಟ್ರಂಕು ಎತ್ತಿಕೊಂಡು ಮನೆಗೆ ವಾಪಸು ಬಂದೆ. ಯಾರೂ ಕರೆಯಲಿಲ್ಲ, ನಾನೂ ಕೇಳಲಿಲ್ಲ.

ಮನೆಕೂಟ ಎಂದರೆ ಇದು: ನಮ್ಮವರು ಎಂದು ನಾವು ಯಾರನ್ನು ಕರೆಯುತ್ತೇವೋ ಅವರೆಲ್ಲ ಕೂರಬೇಕು. ಇಲಾಖೆಯವರು ತಮ್ಮ ಭಯ ಏನೆಂದು ಹೇಳಬೇಕು, ನಾವು ನಮ್ಮ ಕಷ್ಟ ಹೇಳಬೇಕು. ಆಮೇಲೆ ಅಧಿಕಾರಿಗಳು ಹೊರಗೆ ಹೋಗಿ ಕೂರಬೇಕು, ಮಕ್ಕಳನ್ನು ಹೇಗೆ ನೋಡಿಕೊಳ್ಳುವುದೆಂದು ಒಳಗೆ ನಾವೇ ಗೊತ್ತುಮಾಡಬೇಕು. ನಮ್ಮಲ್ಲಿ ಕುರ್ಚಿಗಳಿಲ್ಲದ್ದರಿಂದ ಟೈಲರನ ಕೋಣೆಯಲ್ಲೇ ಸೇರಿದೆವು, ಹೊಲಿಗೆ ಯಂತ್ರ, ಬಟ್ಟೆ ಚೂರುಗಳ ನಡುವೆ. ನಿನ್ನ ಹೆಂಡತಿ ಯಾರನ್ನು ಕರೆದಳು ಗೊತ್ತೇ? ಮೊದಲು ಟೀಚರಮ್ಮನನ್ನು. ದೂರು ಕೊಟ್ಟವರನ್ನೇ! ನಾನು ಹಲ್ಲು ಕಚ್ಚಿದೆ. "ಅವ್ರೊಬ್ರೇ ಅತ್ತೆ, ನನ್ನ ಮಗಳು ಸುಸ್ತಾಗಿದ್ದನ್ನ ನೋಡಿದ್ದು" ಎಂದಳು. ಟೀಚರಮ್ಮನ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು.

ಸಾಹೇಬರು ಶುರು ಮಾಡಿದರು, "ತಾಯಿಯಾಗಿ ಮಕ್ಕಳನ್ನ ಹೀಗೆ ಬಿಟ್ಟು ಹೋಗಬಹುದೇನಮ್ಮ" ಎಂದು. ನನ್ನ ನಾಲಿಗೆ ತುರಿಸುತ್ತಿತ್ತು, ಆದರೆ ಅವಳು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ತಡೆದಳು. ಬಾಯಲ್ಲಿ ಬೆರಳಿಟ್ಟರೂ ಕಚ್ಚಲು ಬಾರದವಳು ಎಂದು ನಾನೇ ಎಷ್ಟು ಸಲ ಅಂದಿಲ್ಲ. ಅವಳು ಧ್ವನಿ ಏರಿಸದೆ ಹೇಳಿದಳು: "ನಾನು ಬಿಟ್ಟು ಹೋಗ್ಲಿಲ್ಲ ಸಾರ್, ಕೆಲ್ಸಕ್ಕೆ ಹೋದೆ. ನೀವು ಬೆಳಿಗ್ಗೆ ಕೂತು ಬರೋ ಬಸ್ಸಿನ ಸೀಟು ಒರೆಸೋದು ನಾನೇ. ಬಸ್ಸು ಬೇಗ ಹೊರಡ್ಬೇಕು, ನಿಮ್ಮ ಶಿಶುವಿಹಾರ ತಡವಾಗಿ ತೆಗೀಬೇಕು. ಆ ನಡುವಿನ ಹೊತ್ತಲ್ಲಿ ನನ್ನ ಮಕ್ಕಳು ಯಾರ ಮಕ್ಕಳು, ನೀವೇ ಹೇಳಿ." ಸಾಹೇಬರು, "ಒಂದು ಮನೆಗೋಸ್ಕರ ಇಲಾಖೆ ಹೊತ್ತು ಬದಲಾಯಿಸೋಕಾಗಲ್ಲಮ್ಮ" ಎಂದರು. ಅವಳು ಎದ್ದು ಬಾಗಿಲು ತೆಗೆದಳು. ಮೆಟ್ಟಿಲ ಉದ್ದಕ್ಕೂ ಡಿಪೋದ ಹೆಂಗಸರು, ಒದ್ದೆ ಬೂಟಿನಲ್ಲೇ. "ಇವ್ರ ಮಕ್ಕಳೂ ಹೀಗೇ ಬೀಗದ ಕೈ ಕತ್ತಿಗೆ ಹಾಕ್ಕೊಂಡು ಓಡಾಡ್ತವೆ. ನೀವು ಮಕ್ಕಳನ್ನ ಕಿತ್ಕೋತೀರಿ ಅಂತ ಹೆದರಿ ಯಾರೂ ಹೇಳ್ಲಿಲ್ಲ. ನಾನು ಕೇಳ್ಕೊಂಡೆ ಅಂತ ಇವತ್ತು ಹೇಳೋಕೆ ಬಂದಿದ್ದಾರೆ. ಎಲ್ಲರ ಮಕ್ಕಳನ್ನೂ ನಿಲಯಕ್ಕೆ ಹಾಕ್ತೀರೋ, ಒಂದು ಬಾಗಿಲು ಬೇಗ ತೆಗೀತೀರೋ?" ಮಗನೇ, ನಾನು ಕೂಗಿ ಕೂಗಿ ಮಾಡಲಾಗದ್ದನ್ನು ಅವಳು ಪಿಸುಮಾತಿನಲ್ಲಿ ಮಾಡಿದಳು. ನನ್ನ ಎದೆ ಉಬ್ಬಿ ರವಿಕೆಯ ಹುಕ್ಕು ಕಿತ್ತುಕೊಂಡಿತು ಎಂದರೂ ಸುಳ್ಳಲ್ಲ. ಟೈಲರ್ ಪಕ್ಕದಲ್ಲೇ ಇದ್ದದ್ದು ಒಳ್ಳೆಯದಾಯಿತು.

ಅಧಿಕಾರಿಗಳನ್ನು ಹೊರಗೆ ಕಳಿಸುವ ಹೊತ್ತು ಬಂತು. ಆ ಕೆಲಸ ನಾನೇ ವಹಿಸಿಕೊಂಡೆ. "ನಡೀರಿ ಸಾಹೇಬ್ರೇ, ಮೆಟ್ಟಿಲ ಮೇಲೆ ಕೂರಿ, ಕರೆದಾಗ ಬನ್ನಿ" ಎಂದೆ. ಜೀವನದಲ್ಲಿ ಒಂದು ಸಲವಾದರೂ ಅದನ್ನು ಹೇಳಬೇಕು, ಹೊಟ್ಟೆ ತಣ್ಣಗಾಗುತ್ತದೆ. ಒಳಗೆ ಮಾತಾಗಿದ್ದು ಇಷ್ಟು: ಬೇಗ ತೆಗೆಯುವ ಬಾಗಿಲು ಆಗುವವರೆಗೆ ನಸುಕಿಗೆ ನಾನು ಮಕ್ಕಳ ಹತ್ತಿರ, ಲಾಂಡ್ರಿಗೆ ತಡವಾಗಿ ಹೋಗುವುದು. ಸಂಜೆ ಟೀಚರಮ್ಮ ದೊಡ್ಡವಳಿಗೆ ಹಿಂದೆ ಬಿದ್ದ ಪಾಠ ಹೇಳಿಕೊಡುವುದು. ಟೈಲರ್ ಬೀದಿ ನೋಡುವುದು, ಅದು ಅವನು ಹೇಗೂ ಮಾಡುತ್ತಾನೆ. ಸಾಹೇಬರು ಒಳಗೆ ಬಂದು ಕೇಳಿದರು, ಕನ್ನಡಕ ತೆಗೆದು ಒರೆಸಿದರು, ಬೇಗ ತೆಗೆಯುವ ಬಾಗಿಲಿಗೂ ಸೇರಿಸಿ ಒಪ್ಪಿದರು. ಮಕ್ಕಳು ಮನೆಯಲ್ಲೇ ಉಳಿದವು.

ಬಾಗಿಲು ಈಗ ಆಗಿದೆ. ಡಿಪೋ ಪಕ್ಕದ ಹಳೆಯ ಟಿಕೆಟ್ ಕೋಣೆಗೆ ಸುಣ್ಣ ಹೊಡೆದು, ಚಾಪೆ ಹಾಸಿ, ನಸುಕಿಗೇ ದೀಪ ಹಾಕುತ್ತಾರೆ. ನೋಡಿಕೊಳ್ಳಲು ಇಲಾಖೆಯಿಂದಲೇ ಇಬ್ಬರು ಬರುತ್ತಾರೆ. ಮಕ್ಕಳು ನಿದ್ದೆಗಣ್ಣಿನಲ್ಲಿ ಬಂದು ಮತ್ತೆ ಮಲಗುತ್ತವೆ, ಎದ್ದು ಗಂಜಿ ಕುಡಿಯುತ್ತವೆ, ಶಾಲೆಯ ಮಕ್ಕಳು ಅಲ್ಲಿಂದಲೇ ಶಾಲೆಗೆ. ಮೊದಲ ದಿನ ಸಾಹೇಬರು ನೋಡಲು ಬಂದರೆ ಚಿಕ್ಕವನು ಅವರನ್ನು ಬಾಗಿಲಲ್ಲೇ ತಡೆದು ಬೂಟು ಬಿಚ್ಚಿಸಿದ. ಇಲಾಖೆಯ ಹುಡುಗಿ ಈಗ ಹೊಸ ಮನೆಗೆ ಹೋದಾಗ "ಆಗಾಗ ಬಂದು ಹೋಗ್ತಿರ್ತೀನಿ" ಎಂದಷ್ಟೇ ಹೇಳುತ್ತಾಳಂತೆ. ಡಿಪೋ ಗೇಟಿನಲ್ಲಿ ಕಾವಲಿನವನು "ಯಾರು" ಎಂದು ಕೇಳಿದರೆ ನಾನು ನಿನ್ನ ಹೆಂಡತಿಯ ಹೆಸರು ಹೇಳಿ, "ಅವಳ ಅತ್ತೆ" ಎನ್ನುತ್ತೇನೆ. ಅಷ್ಟು ಸಾಕು, ಬಿಡುತ್ತಾನೆ.

ಬೇರೇನು. ದೊಡ್ಡವಳು ತರಗತಿಯಲ್ಲಿ ನಿದ್ದೆ ಮಾಡುವುದಿಲ್ಲ, ಈಗ ಮಾತು ಜಾಸ್ತಿ ಎಂದು ದೂರು. ನಿನ್ನ ಜೊತೆಯ ಕೆಲಸಗಾರರಿಗೆಲ್ಲ ನಾನು ಕೇಳಿದೆ ಎಂದು ಹೇಳು. ನೀರೂ ಗಾಳಿಯೂ ನಿನ್ನನ್ನು ತಣ್ಣಗೆ ಇಟ್ಟಿರಲಿ, ಹೋದ ಕಾಲಿನಲ್ಲೇ ನಗುತ್ತಾ ಮನೆಗೆ ಬಾ.

ನಿನ್ನ ಅಮ್ಮ

ಬರೆದ ಮೇಲೆ ಇನ್ನೊಂದು, ಅಂಚೆಯವನು ಬರುವುದರೊಳಗೆ: ಈ ತಿಂಗಳ ಕೊನೆಯ ಶನಿವಾರ ಕೊನೆಯ ಮನೆಕೂಟ. ಅದಾದರೆ ಇಲಾಖೆಯವರು ನಮ್ಮ ಮನೆಗೆ ಬರುವುದು ನಿಲ್ಲುತ್ತದೆ, ಮಕ್ಕಳ ತಲೆಯ ಮೇಲಿನ ಕತ್ತಿ ಹೋಗುತ್ತದೆ. ಅವತ್ತು ತಂದೆಯ ಮಾತೂ ಕೇಳಬೇಕೆಂದು ಸಾಹೇಬರು ಹಡಗಿಗೆ ಫೋನ್ ಮಾಡುತ್ತಾರೆ, ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲೆ ಇಡುತ್ತಾರೆ. ನೀನು ತವರಿಗೆ ಹೋಗು ಎಂದು ಕೂಗಿದ್ದು ಅವರಿಗೆ ಗೊತ್ತಿಲ್ಲ, ಅವಳು ಹೇಳಿಲ್ಲ. ಅವತ್ತೂ ಹಾಗೇ ಕೂಗಿದರೆ, ಈ ಮನೆ ಒಡೆದಿದೆ ಎಂದುಕೊಂಡು ಅವರು ಮತ್ತೆ ಮೊದಲಿಂದ ಶುರು ಮಾಡುತ್ತಾರೆ. ಇನ್ನೊಂದು ಮಾತು, ಅವಳು ನಿನಗೆ ಹೇಳಲು ಹೆದರುತ್ತಿದ್ದಾಳೆ: ಬೇರೆ ಮನೆಗಳ ಕೂಟಕ್ಕೆ ಬಂದು ಆ ತಾಯಂದಿರ ಪಕ್ಕ ಕೂರಿ ಎಂದು ಇಲಾಖೆಯವರು ಅವಳನ್ನು ಕೇಳಿದ್ದಾರೆ. ಗಂಡನನ್ನು ಕೇಳಿ ಹೇಳುತ್ತೇನೆ ಎಂದಳು. ಗಂಡನ ಪರವಾಗಿ ನಾನು ಆಗಲೇ ಹೂಂ ಅಂದಾಗಿದೆ. ನಿನ್ನ ಸಿಟ್ಟೇನಿದ್ದರೂ ನನ್ನ ಮೇಲೆ ತೀರಿಸಿಕೋ, ನಾನು ಬಡ್ಡಿ ಸೇರಿಸಿ ವಾಪಸು ಕೊಡುತ್ತೇನೆ. ಶನಿವಾರ ಫೋನ್ ಎತ್ತಿದ ಕೂಡಲೇ ಅವಳನ್ನು "ಲೇ" ಅನ್ನಬೇಡ. ಆ ಕೋಣೆಯಲ್ಲಿ ಸಾಹೇಬರಿಂದ ಹಿಡಿದು ಎಲ್ಲರೂ ಅವಳಿಗೆ ಬಹುವಚನ ಕೊಡುತ್ತಾರೆ. ನೀನು ಹೆಸರಾದರೂ ಕೊಡು.