ಕೆರೆದ ಕೈ

ಯಜಮಾನರಿಗೆ ನಮಸ್ಕಾರ.

ನಿಮ್ಮ ಮುರಿದ ದವಡೆಗೆ ತಂತಿ ಬಿಗಿದಿದ್ದಾರಂತೆ, ಹಾಗಾಗಿ ಉತ್ತರ ಬರೆದೇ ಕೊಡಿ.

ನೀವು ಮಾರಲು ತಂದ ಆ ಹಳೇ ಸೂಪರ್‌ಕಾರಿನ ಚಕ್ರದ ಗೂಡಿನಲ್ಲಿ ಕರಗಿದ ಟೈರಿನ ರಬ್ಬರು ಉಂಡೆಗಟ್ಟಿತ್ತು, ಬ್ರೇಕ್ ಡಿಸ್ಕು ಅತಿಯಾಗಿ ಕಾದು ನೀಲಿಗಟ್ಟಿ ಹಾಳಾಗಿತ್ತು. "ಎಲ್ಲಾ ಕೆರೆದು ಹಾಕು, ರೇಸಿಗೆ ಓಡ್ಸಿದ್ದು ಗೊತ್ತಾಗ್ಬಾರ್ದು" ಅಂದಿರಿ. ಕೆರೆದೆ.

ಕೊಳ್ಳಲು ಬಂದವರು ನನ್ನ ಭಾವ. "ಟ್ರ್ಯಾಕ್‌ನಲ್ಲಿ ಓಡ್ಸಿದಾರೇನ್ರಿ?" ಎಂದು ಕೇಳಿದಾಗ ನೀವು ಹೆತ್ತ ತಾಯಿಯ ಮೇಲೆ ಆಣೆ ಇಟ್ಟಿರಿ. ಭಾವ ನನ್ನ ಮುಖ ನೋಡಿದರು. ನಾನು ಗಾಜು ಒರೆಸುತ್ತಿದ್ದೆ.

ಒಂಬತ್ತನೇ ದಿನ ಬ್ರೇಕ್ ಹಿಡಿಯಲಿಲ್ಲ. ಕಾರು ಕತ್ತರಿಸಿ ಭಾವನ ಹೆಣ ತೆಗೆದರು. ಅಕ್ಕನಿಗೆ ಅವರ ಮುಖವನ್ನೂ ತೋರಿಸಲಿಲ್ಲ.

ಸ್ಪ್ಯಾನರಿನಿಂದ ನಿಮಗೆ ಹೊಡೆದದ್ದು ನಾನೇ, ಪೊಲೀಸರಿಗೆ ಹಾಗೇ ಹೇಳಿ. ರೇಸಿನ ಸಂಗತಿಯನ್ನೂ ಬರೆದುಕೊಡಿ.

ಅಕ್ಷರ ಸೊಟ್ಟಗಿದೆ, ಮನ್ನಿಸಿ. ಇದು ಎಡಗೈ ಬರಹ. ನಿಮ್ಮನ್ನು ಹೊಡೆದ ಮೇಲೆ, ಕೆರೆದ ಕೈಯನ್ನೂ ಅದೇ ಸ್ಪ್ಯಾನರಿನಿಂದ ಜಜ್ಜಿಕೊಂಡೆ.

ಇಂತಿ,
ನಿಮ್ಮ ಮೆಕ್ಯಾನಿಕ್