ಅಪ್ಪನ ಮಂಡಿಯೊಳಗಿನ ಲೋಳೆ

ಮಂಗಳವಾರ, ಮಾರ್ಚ್ ೧೨

ಅಪ್ಪನ ಮಂಡಿಯಿಂದ ಮತ್ತೆ ಕೀವು. ಆಪರೇಷನ್ ಮಾಡಿ ಒಳಗೆ ಕೂರಿಸಿದ ಲೋಹದ ಕೀಲಿನ ಮೇಲೆ ಬ್ಯಾಕ್ಟೀರಿಯಾ ಲೋಳೆಯ ಪದರ ಕಟ್ಟಿಕೊಂಡಿವೆ, ಅದರಡಿಗೆ ಔಷಧಿ ಇಳಿಯುತ್ತಿಲ್ಲ, ಲೋಹವನ್ನೇ ತೆಗೆಯಬೇಕು ಎಂದರು ಡಾಕ್ಟರು. ಅಪ್ಪ ಒಪ್ಪಲಿಲ್ಲ. ಮನೆಗೆ ಬಂದ ಮೇಲೆ ನನ್ನ ಕೈ ಹಿಡಿದುಕೊಂಡರು.

"ಡೈರಿಯಲ್ಲಿ ಹಾಲಿನ ಪೈಪ್ ತೊಳೆಯೋನು ನೀನು. ಬಿಸಿನೀರು, ಔಷಧಿ ಹರಿಸಿದ್ರೆ ಲೋಳೆ ಹೋಗಲ್ವೇನೋ? ಹೋಗುತ್ತೆ ಅನ್ನಪ್ಪ."

ಹೋಗುತ್ತೆ ಅಂದಿದ್ದರೆ ಎರಡು ತುತ್ತು ಉಣ್ಣುತ್ತಿದ್ದರು.

"ಇಲ್ಲಪ್ಪ. ಎಷ್ಟು ಹರಿಸಿದ್ರೂ ಅಂಟ್ಕೊಂಡೇ ಇರುತ್ತೆ. ಪೈಪ್ ಬಿಚ್ಚಿ ಉಜ್ಜಲೇಬೇಕು."

"ಸ್ಕೂಲಲ್ಲಿ ಒಂದಕ್ಷರ ತಲೆಗೆ ಹತ್ತಲಿಲ್ಲ, ಇದು ಮಾತ್ರ ಚೆನ್ನಾಗಿ ಹತ್ತಿದೆ!" ಎಂದು ಗೋಡೆಯ ಕಡೆ ಹೊರಳಿದರು.

ಬಿಚ್ಚಿದ ಪೈಪನ್ನು ನಾನು ಮತ್ತೆ ಜೋಡಿಸಬಲ್ಲೆ. ಲೋಹ ತೆಗೆದ ಮೇಲೆ ನಡೀತೀನಾ ಎಂದು ಅಪ್ಪ ಕೇಳಲಿಲ್ಲ, ಪುಣ್ಯ. ಬೆಳಿಗ್ಗೆ ಎದ್ದು ಕೇಳಿಬಿಟ್ಟರೆ ನಾನು ಗೊತ್ತಿಲ್ಲಪ್ಪ ಎನ್ನಬೇಕಾಗುತ್ತದೆ.