ಹದಿನೆಂಟು ಇಂಚಿನ ಗೇಟು

ಉದ್ಯಾನ ಮತ್ತು ರಸ್ತೆ ವಿಭಾಗದ ಮಾನ್ಯ ಮುಖ್ಯ ಅಧಿಕಾರಿಗಳೇ,

ನಿಮ್ಮ ಗೇಟು ನನ್ನ ಹೆಂಡತಿಯ ಸೊಂಟ ಮುರಿದಿದೆ. ಇಂದು ಬೆಳಿಗ್ಗೆ ಹತ್ತು ಗಂಟೆಗೆ, ನಾಲ್ಕು ಜನರ ಎದುರಿನಲ್ಲೇ, ನಾನು ಆ ಗೇಟಿನ ಸೊಂಟ ಮುರಿದಿದ್ದೇನೆ. ಪೊಲೀಸರಿಗೆ ದೂರು ಬರೆಯಲು ಆತುರಪಡಬೇಡಿ. ಮೊದಲು ಇದನ್ನು ಓದಿ.

ಸಮುದಾಯ ತೋಟದೊಳಗೆ ಬೈಕುಗಳು ನುಗ್ಗುತ್ತವೆ ಎಂದು ಹೋದ ವರ್ಷ ನೀವು ಕಬ್ಬಿಣದ ಅಡ್ಡಗಂಬಿ ಗೇಟು ಮಾಡಿಸಿದಿರಿ. ಮಾಡಿದ ವೆಲ್ಡರ್ ನಾನೇ. "ಬೈಕ್ ಹೋಗಬಾರದು, ಮನುಷ್ಯ ಹೋಗಬೇಕು" ಎಂದರು ನಿಮ್ಮ ಮೇಲ್ವಿಚಾರಕರು. ಮನುಷ್ಯನೆಂದರೆ ಎಷ್ಟು ಅಗಲ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡು ಕಂಬಿಗಳ ನಡುವೆ ನಾನೇ ಓರೆಯಾಗಿ ನುಸುಳಿ ನೋಡಿ, ಹದಿನೆಂಟು ಇಂಚಿಗೆ ಗುರುತು ಹಾಕಿ ಬೆಸುಗೆ ಹಾಕಿದೆ. ಜಗತ್ತಿನಲ್ಲಿರುವ ಮನುಷ್ಯರೆಲ್ಲ ನನ್ನ ಹಾಗೆ ಸಪೂರವಾಗಿ, ಎರಡು ಕಾಲಿನ ಮೇಲೆ ಓಡಾಡುತ್ತಾರೆಂದು ನಂಬಿದ್ದ ಮೂರ್ಖ ನಾನು.

ಆರು ತಿಂಗಳಿಗೆ ಹೆಂಡತಿಯ ಕೈಗೆ ವಾಕರ್ ಬಂತು. ಅದರ ಅಗಲ ಇಪ್ಪತ್ತೈದು ಇಂಚು. ತೋಟದಲ್ಲಿ ನೀವೇ ಹಂಚಿಕೊಟ್ಟ ಅವಳದೊಂದು ಪಾತಿ ಇದೆ, ಅದರ ತುಂಬ ಬೀನ್ಸ್ ಬಳ್ಳಿ. ಮೊಣಕಾಲು ನೋವಿಗೆ ಡಾಕ್ಟರು ಕೊಟ್ಟ ಮಾತ್ರೆಗಳಿಗಿಂತ ಆ ಬಳ್ಳಿಗಳೇ ಅವಳನ್ನು ಹೆಚ್ಚು ನಡೆಸಿದ್ದವು. ಮೂರು ಸಲ ನಿಮ್ಮ ಕಚೇರಿಗೆ ಬಂದೆ. "ನಾನೇ ಮಾಡಿದ್ದು, ನಾನೇ ಅಗಲ ಮಾಡ್ತೀನಿ, ಒಪ್ಪಿಗೆ ಕೊಡಿ ಸಾಕು" ಎಂದೆ. "ಅಳತೆ ಮಂಜೂರಾಗಿದೆ, ಈಗ ಬದಲಾಯಿಸೋಕಾಗಲ್ಲ. ಹಿಂದಿನ ಬಾಗಿಲಿಂದ ಹೋಗೋಕೆ ಹೇಳಿ" ಎಂದರು ಗುಮಾಸ್ತರು, ತಲೆಯನ್ನೂ ಎತ್ತದೆ. ಅಳತೆ ಮಂಜೂರಾಗಿದೆಯಂತೆ! ನನ್ನ ಹೆಂಡತಿಯ ಅಳತೆಯನ್ನು ಯಾರು ಮಂಜೂರು ಮಾಡಬೇಕಿತ್ತು ಸ್ವಾಮಿ?

ಹಿಂದಿನ ಬಾಗಿಲಿಗೆ ಹೋಗಲು ರಸ್ತೆ ಬಳಸಬೇಕು. ತೋಟದಿಂದ ನೀವು ಹೊರದಬ್ಬಿದ ಬೈಕುಗಳೆಲ್ಲ ಈಗ ಅಲ್ಲಿನ ಫುಟ್‌ಪಾತಿನ ಮೇಲಿವೆ. ಒಂದು ದಿನ ಅವಳು ಆ ದಾರಿಯಲ್ಲಿ ಹೋಗುವಾಗ ಬೈಕೊಂದು ಬೆನ್ನ ಹಿಂದೆಯೇ ಹಾರ್ನ್ ಹೊಡೆಯಿತು. ದಾರಿ ಬಿಡಲು ಅವಳು ಕೆಳಗಿಳಿದಳು. ಫುಟ್‌ಪಾತಿನ ಅಂಚುಗಲ್ಲಿನ ಎತ್ತರ ಒಂದಡಿ. ವಾಕರ್ ಸಮೇತ ಮುಗ್ಗರಿಸಿ ಬಿದ್ದಳು. ನಾನು ನಾಲ್ಕೇ ಹೆಜ್ಜೆ ಹಿಂದಿದ್ದೆ. ಸೊಂಟದ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಹಣೆ ಸೀಳಿ, ಕಣ್ಣಿನೊಳಕ್ಕೆ ರಕ್ತ ಇಳಿಯುತ್ತಿತ್ತು. ನಲವತ್ತು ವರ್ಷ ಕಬ್ಬಿಣ ಕತ್ತರಿಸಿದವನು ನಾನು, ಅವತ್ತು ಒಂದು ಕರವಸ್ತ್ರ ಬಿಚ್ಚಲೂ ಕೈಲಾಗಲಿಲ್ಲ.

ಆಸ್ಪತ್ರೆಯಲ್ಲಿದ್ದಾಗಲೇ ನಿಮ್ಮ ನೋಟಿಸು ಬಂತು. 'ಹದಿನೈದು ದಿನಗಳಿಂದ ಪಾತಿಯಲ್ಲಿ ಕೆಲಸ ಮಾಡಿರುವುದಿಲ್ಲವಾದ್ದರಿಂದ ಹಂಚಿಕೆಯನ್ನು ಏಕೆ ರದ್ದುಪಡಿಸಬಾರದು?' ಎಂಥ ಚುರುಕು ಇಲಾಖೆ! ಗೇಟು ಅಗಲ ಮಾಡಲು ಆರು ತಿಂಗಳು ಸಾಲದವರಿಗೆ ಅವಳ ಗೈರುಹಾಜರಿ ಎಣಿಸಲು ಮಾತ್ರ ಬೇಕಾದಷ್ಟು ಪುರುಸೊತ್ತು. ಅವಳು ಅದನ್ನು ಓದಿ ಮಡಿಸಿ ದಿಂಬಿನ ಕೆಳಗಿಟ್ಟಳು. "ರೀ, ಆ ಗೇಟು ಮಾಡುವಾಗ ನಾನೊಬ್ಬಳು ಇದ್ದೀನಿ ಅಂತ ನಿಮಗೆ ನೆನಪಾಗ್ಲಿಲ್ವಾ?" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅದಕ್ಕೇ ಇಂದು ಕಟಿಂಗ್ ಮಷೀನು ತಂದೆ. "ಯಜಮಾನ್ರೇ, ಕೇಸಾಗುತ್ತೆ!" ಎಂದ ಕಾವಲುಗಾರ. "ಆಗ್ಲಿ, ನೀನು ಪಕ್ಕಕ್ಕೆ ನಿಲ್ಲು, ಕಿಡಿ ಹಾರುತ್ತೆ" ಎಂದೆ. ಗೇಟು ಬಿದ್ದ ಮೇಲೆ ಸುತ್ತಿಗೆ ಎತ್ತಿಕೊಂಡು ಅಂಚುಗಲ್ಲಿನ ಹತ್ತಿರ ಹೋದೆ, ಅಂಗೈ ಒಡೆದು ರಕ್ತ ಬರುವವರೆಗೂ ಬಡಿದೆ. ಒಂದೊಂದು ಏಟಿಗೂ ಅದು ನಿಮ್ಮ ಮೊಣಕಾಲಾಗಿರಲಿ ಎಂದು ಬಯಸಿದೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ಆಮೇಲೆ ನನ್ನದೇ ಮೊಣಕಾಲಿನ ನೆನಪೂ ಬಂತು. ಗುರುತು ಹಾಕಿದ ಕೈ ನನ್ನದೇ ಅಲ್ಲವೇ?

ಅವಳು ಮತ್ತೆ ನಡೆಯಲು ಮೂರು ತಿಂಗಳು ಬೇಕು ಎಂದಿದ್ದಾರೆ ಡಾಕ್ಟರು. ಅಷ್ಟರೊಳಗೆ ಒಡೆದ ಅಂಚುಗಲ್ಲಿನ ಜಾಗದಲ್ಲಿ ಇಳಿಜಾರು ಮಾಡಿಸಿ, ಫುಟ್‌ಪಾತಿನಿಂದ ಬೈಕುಗಳನ್ನು ಇಳಿಸಿ. ಗೇಟು ಬೇಕೇ ಬೇಕೆಂದರೆ ಮೂರಡಿ ಅಗಲ ಬಿಡಿಸಿ. ನೋಟಿಸನ್ನು ಇವತ್ತೇ ಹಿಂತೆಗೆದುಕೊಳ್ಳಿ. ಇಲ್ಲವೆಂದರೆ ಇಂದು ಕತ್ತರಿಸಿ ತಂದ ಗೇಟು ನನ್ನ ಶೆಡ್ಡಿನಲ್ಲಿ ಭದ್ರವಾಗಿದೆ. ಅದನ್ನು ತಂದು ನಿಮ್ಮ ಕೋಣೆಯ ಬಾಗಿಲಿಗೆ ಬೆಸುಗೆ ಹಾಕುತ್ತೇನೆ, ನೀವು ಒಳಗಿರುವಾಗಲೇ. ಅಳತೆ ಹೇಗೂ ಮಂಜೂರಾಗಿದೆ.

ಅಲ್ಲಿಯವರೆಗೆ ಅವಳ ಪಾತಿಗೆ ದಿನವೂ ನಾನೇ ನೀರು ಹಾಕುತ್ತೇನೆ. ಬಂಧಿಸಲು ಬರುವವರು ಅಲ್ಲಿಗೇ ಬರಲಿ, ಈಗ ದಾರಿ ಅಗಲವಾಗಿದೆ.

ಇಂತಿ,
ಹೆಂಡತಿಯನ್ನು ಬಿಟ್ಟು ಅಳತೆ ಹಿಡಿದ
ವೆಲ್ಡರ್